ಶೋಕದ ರಾತ್ರಿ, ಬಾನುಲಿಯ ಮಾತು

ಶೋಕದಲ್ಲಿರುವವನನ್ನು ತರ್ಕದಿಂದ ಸಂತೈಸಲಾಗದೆಂಬುದು ಸಾವಿನ ಮನೆಗೆ ಹೋಗಿ ಬಂದವರಿಗೆಲ್ಲ ತಿಳಿದ ಸಂಗತಿ. ಒಂದು ಮನೆಯ ವಿಷಯವೇ ಹೀಗಿರುವಾಗ, ಶೋಕದಲ್ಲಿ ಮುಳುಗಿದ ದೇಶವೊಂದನ್ನು ನಾಯಕನಾದವನು ಮಾತಿನಿಂದ ಹೇಗೆ ಒಲಿಸಿಯಾನು? ಇದನ್ನು ವಿಚಾರ ಮಾಡಲು 1948ರ ಜನವರಿ 30ರ ರಾತ್ರಿ ಜವಾಹರಲಾಲ್ ನೆಹರೂ ಅವರು ದೆಹಲಿಯ ಬಾನುಲಿಯಲ್ಲಿ ಇಂಗ್ಲಿಷಿನಲ್ಲಿ ಆಡಿದ ಮಾತನ್ನು ತೆಗೆದುಕೊಳ್ಳೋಣ.

ಅಂದು ಸಂಜೆ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಗಾಂಧೀಜಿಯವರ ಕೊಲೆಯಾಗಿತ್ತು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಕೊಂದವನು ಮುಸಲ್ಮಾನನೆಂಬ ಗಾಳಿಸುದ್ದಿ ಹಬ್ಬಿದ್ದರೆ ಎಷ್ಟು ಊರುಗಳು ಹೊತ್ತಿ ಉರಿಯುತ್ತಿದ್ದವೋ! ಆದ್ದರಿಂದ ಬಾನುಲಿಯ ವಾರ್ತೆಯು ಕೊಲೆಗಾರನು ಹಿಂದೂ ಎಂಬುದನ್ನು ಸ್ಪಷ್ಟವಾಗಿ ಸಾರಿತು. ಭಾಷಣಕ್ಕೆ ನೆಲ ಹದವಾದದ್ದು ಇದರಿಂದಲೇ ಎಂದು ನಮ್ಮ ಎಣಿಕೆ.

ನೆಹರೂ ಅವರು ಮಾತನ್ನು ಬರೆದುಕೊಂಡು ಬಂದಿರಲಿಲ್ಲ. ಬಾಳಿನ ಬೆಳಕು ಆರಿತು, ಏನು ಹೇಳಬೇಕೋ ಹೇಗೆ ಹೇಳಬೇಕೋ ತಿಳಿಯದು ಎಂಬ ಅರ್ಥದಲ್ಲಿ ಆರಂಭಿಸಿದರು. ಕೇಳುವವನ ಸ್ಥಿತಿಯೂ ಅದೇ ಆಗಿತ್ತಷ್ಟೆ. ತನ್ನಂತೆಯೇ ದಿಕ್ಕುಗೆಟ್ಟವನ ಮಾತಿಗೆ ಮನಸ್ಸು ಬಾಗಿಲು ತೆರೆಯುತ್ತದೆ, ಉಪದೇಶಕನಿಗೆ ತೆರೆಯುವುದಿಲ್ಲ. ಮುಂದೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡು, ಅದು ಸಾಮಾನ್ಯ ಬೆಳಕಲ್ಲ, ಸಾವಿರ ವರ್ಷಗಳ ಬಳಿಕವೂ ಕಾಣುವ ಬೆಳಕು ಎಂದರು. (ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಇಂದು ನಂದಿದರೂ ನಮಗೆ ಅಷ್ಟು ವರ್ಷ ಕಾಣುತ್ತಲೇ ಇರುವುದನ್ನು ವಾಚಕರು ನೆನೆಯಬಹುದು.) ಅನಂತರ ದ್ವೇಷದ ವಿಷವನ್ನು ಕಿತ್ತೊಗೆಯಬೇಕು, ಆದರೆ ಹಿಂಸೆಯಿಂದಲ್ಲ ಎಂದರು. ಮರುದಿನದ ಶವಯಾತ್ರೆಯ ಹೊತ್ತನ್ನು ತಿಳಿಸಿ, ಉಪವಾಸ ಪ್ರಾರ್ಥನೆಗಳನ್ನು ಸೂಚಿಸಿದರು. ಸುಮ್ಮನಿರಲಾರದ ಕೈಗಳಿಗೆ ಹೀಗೆ ಒಂದು ಕೆಲಸ ದೊರೆಯಿತು.

ಅಚ್ಚಾದ ಭಾಷಣದಲ್ಲಿ ಕಾಣದ ಇನ್ನೊಂದು ಅಂಶವೆಂದರೆ ದನಿ. ಗಂಡಸಿನ ಸಾಧಾರಣ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಕಂಪಿಸುತ್ತವೆ. ಕೂಗಿದರೆ ಈ ಸಂಖ್ಯೆ ಏರುತ್ತದೆ. ದುಃಖದ ಮಾತಿನಲ್ಲಿ ಸಾಮಾನ್ಯವಾಗಿ ಸ್ವರ ತಗ್ಗುತ್ತದೆ, ಏರಿಳಿತ ಕುಗ್ಗುತ್ತದೆ, ನಡುನಡುವೆ ಮೌನ ಬರುತ್ತದೆ. ಬಯಲಿನಲ್ಲಿ ಸಾವಿರಾರು ಜನರಿಗೆ ಕೇಳುವಂತೆ ಕೂಗಬೇಕಾದವನು ಈ ದನಿಯನ್ನು ಉಳಿಸಿಕೊಳ್ಳಲಾರ. ಮೈಕ್ರೋಫೋನಿನ ಮುಂದೆ ಕುಳಿತವನು ಉಳಿಸಿಕೊಳ್ಳಬಲ್ಲ. ದೆಹಲಿಯಿಂದ ಮೈಸೂರಿಗೆ ನೇರವಾಗಿ ಸುಮಾರು 1,800 ಕಿಲೋಮೀಟರು. ರೇಡಿಯೋ ಅಲೆ ಈ ದೂರವನ್ನು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು ಕಾಲದಲ್ಲಿ ಕ್ರಮಿಸುತ್ತದೆ. ಅಷ್ಟರಲ್ಲಿ ಬಾಯಿಂದ ಹೊರಟ ಶಬ್ದ ಗಾಳಿಯಲ್ಲಿ ಸಾಗುವುದು ಎರಡೇ ಮೀಟರು! ಎಂದರೆ, ಮಾತಾಡುವವನ ಮೇಜಿನ ಆಚೆ ಕುಳಿತವನಷ್ಟೇ ಬೇಗ ಮೈಸೂರಿನ ರೇಡಿಯೋ ಪೆಟ್ಟಿಗೆಗೂ ಮಾತು ತಲಪುತ್ತದೆ. ಇಂಗ್ಲಿಷ್ ಅರಿಯದವನಿಗೂ ದನಿಯ ಭಾರ ತಿಳಿಯುತ್ತದೆ.

ಅದೇ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸತೊಡಗಿ, ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ ‘ಆಕಾಶವಾಣಿ’ಯನ್ನು ಬಳಕೆಗೆ ತಂದ ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಈ ಯಂತ್ರಕ್ಕೂ ಮನಸ್ಸಿಗೂ ಇರುವ ನಂಟನ್ನು ನೋಡಿದರೆ ಇದರಲ್ಲಿ ನಮಗೇನೂ ಆಶ್ಚರ್ಯ ತೋರುವುದಿಲ್ಲ.

ಆದರೂ ಆ ರಾತ್ರಿಯ ಮಾತು ಎಲ್ಲರನ್ನೂ ಒಲಿಸಲಿಲ್ಲ. ಕೊಲೆಗಾರನ ಜಾತಿ ತಿಳಿದಮೇಲೆ ನಮ್ಮ ಗಡಿಯಾಚೆಯ ಸಾಂಗಲಿ, ಕೊಲ್ಹಾಪುರ, ಸಾತಾರಾ ಕಡೆಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಹಿಂದೂ–ಮುಸಲ್ಮಾನರ ನಡುವಿನ ಕಿಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಎಚ್ಚರದಿಂದ ಹೇಳಿದ ಸುದ್ದಿಯು ಈ ಇನ್ನೊಂದು ಕಿಚ್ಚನ್ನು ತಡೆಯುವಂತಿರಲಿಲ್ಲ.