ಸಡಿಲ ಸಂಪರ್ಕವೂ ಸ್ಕ್ರೂ ಟರ್ಮಿನಲ್ ವಿನ್ಯಾಸವೂ

ಲೇತ್ ಯಂತ್ರ, ಲಿಫ್ಟ್, ನೀರೆತ್ತುವ ಪಂಪು - ಇವುಗಳಲ್ಲಿ ಯಾವುದಾದರೊಂದರ ನಿಯಂತ್ರಣ ಫಲಕವನ್ನು ನೀವು ನೋಡಿಯೇ ಇರುತ್ತೀರಿ. ಮುಂಭಾಗದಲ್ಲಿ ಹಸಿರು, ಕೆಂಪು ಒತ್ತುಗುಂಡಿಗಳು. ಅವುಗಳ ಮೇಲೆ ಸಾಲಾಗಿ ಸೂಚಕ ದೀಪಗಳು. ಫಲಕದ ಬಾಗಿಲನ್ನು ತೆರೆದರೆ ಒಳಗೆ ಕಾಣುವುದು ತಂತಿಗಳ ಗೊಂಚಲು. ಪ್ರತಿ ತಂತಿಯ ತುದಿಯೂ ಒಂದು ಪುಟ್ಟ ಸ್ಕ್ರೂವಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಇದೇ ಸ್ಕ್ರೂ ಟರ್ಮಿನಲ್.

ಯಂತ್ರ ಕೈಕೊಟ್ಟಾಗ ರಿಪೇರಿಗೆ ಬಂದವರು ಬಹಳ ಸಲ ಹೇಳುವ ಮಾತು ‘ಲೂಸ್ ಕನೆಕ್ಷನ್’. ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿದರೆ ಯಂತ್ರ ಮತ್ತೆ ಓಡುತ್ತದೆ. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಹೋದ ವರ್ಷ ಗಟ್ಟಿಯಾಗಿ ಬಿಗಿದಿದ್ದ ಸ್ಕ್ರೂವನ್ನು ಯಾರೂ ಮುಟ್ಟಿಲ್ಲ. ಅದು ಒಂದು ಕೂದಲೆಳೆಯಷ್ಟೂ ತಿರುಗಿಲ್ಲ. ಆದರೂ ಸಂಪರ್ಕ ಸಡಿಲವಾದದ್ದು ಹೇಗೆ? ಉತ್ತರವನ್ನು ಹುಡುಕಲು ಪದವಿಪೂರ್ವ ತರಗತಿಯ ಭೌತವಿಜ್ಞಾನವೇ ಸಾಕು.

ಮುಟ್ಟಿದ್ದೆಲ್ಲ ಸಂಪರ್ಕವಲ್ಲ

ಎರಡು ಲೋಹಗಳ ಮೇಲ್ಮೈಗಳು ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅವು ಗುಡ್ಡ ಕಣಿವೆಗಳ ನಾಡು. ಒಂದರ ಮೇಲೊಂದನ್ನು ಇಟ್ಟಾಗ ಕೆಲವು ಶಿಖರಗಳಷ್ಟೇ ಪರಸ್ಪರ ತಾಗುತ್ತವೆ. ವಿದ್ಯುತ್ ಪ್ರವಾಹ ಈ ಕಿರಿದಾದ ಚುಕ್ಕೆಗಳ ಮೂಲಕವೇ ನುಸುಳಿ ಹೋಗಬೇಕು. ಅಗಲವಾದ ರಸ್ತೆ ಕಿರುಸೇತುವೆಯ ಬಳಿ ಕಿರಿದಾದಂತೆ ಇಲ್ಲಿ ಪ್ರವಾಹದ ದಾರಿ ಕುಗ್ಗುತ್ತದೆ. ಅದರಿಂದ ಹೆಚ್ಚುವರಿ ರೋಧ ಉಂಟಾಗುತ್ತದೆ. ಇದನ್ನು ಸಂಪರ್ಕ ರೋಧ ಎನ್ನುತ್ತಾರೆ. 20ನೆಯ ಶತಮಾನದಲ್ಲಿ ಸ್ವೀಡನ್ ಮೂಲದ ಭೌತವಿಜ್ಞಾನಿ ರಾಗ್ನರ್ ಹೋಮ್ ಈ ವಿಷಯಕ್ಕೆ ಭದ್ರವಾದ ಗಣಿತದ ತಳಹದಿ ಹಾಕಿದರು.

ನಿಜವಾಗಿ ತಾಗಿರುವ ಕ್ಷೇತ್ರಫಲ ಎಷ್ಟು? ಅದು ತಂತಿಯ ಗಾತ್ರಕ್ಕಿಂತ ಮುಖ್ಯವಾಗಿ ಒತ್ತುವ ಬಲವನ್ನು ಅವಲಂಬಿಸುತ್ತದೆ. ಒತ್ತಿದಾಗ ಶಿಖರಗಳು ಚಪ್ಪಟೆಯಾಗುತ್ತವೆ. ಬಲವನ್ನು ಹೊರುವಷ್ಟು ಜಾಗ ದೊರೆತೊಡನೆ ನಿಲ್ಲುತ್ತವೆ. ತಾಮ್ರದ ಗಡಸುತನವನ್ನು ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್ ಎಂದು ಇಟ್ಟುಕೊಳ್ಳೋಣ. 1 ನ್ಯೂಟನ್ ಬಲದಿಂದ, ಅಂದರೆ ಸುಮಾರು 100 ಗ್ರಾಂ ತೂಕದಿಂದ ಒತ್ತಿದರೆ ನಿಜ ಸಂಪರ್ಕದ ಕ್ಷೇತ್ರಫಲ ಚದರ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಮಾತ್ರ. ಸಾವಿರ ನ್ಯೂಟನ್ ಬಲದಿಂದ ಒತ್ತಿದರೆ ಒಂದು ಚದರ ಮಿಲಿಮೀಟರ್. ನಿಯಂತ್ರಣ ಫಲಕಗಳಲ್ಲಿ ಸಾಮಾನ್ಯವಾಗಿ ಬಳಸುವ ತಂತಿಯ ಅಡ್ಡಕೊಯ್ತ 1.5 ಚದರ ಮಿಲಿಮೀಟರ್. ಹೀಗೆ ಸಾಕಷ್ಟು ಬಲವಿದ್ದರೆ ಕಿರುಸೇತುವೆ ಹೆಚ್ಚು ಕಡಿಮೆ ರಸ್ತೆಯಷ್ಟೇ ಅಗಲವಾಗುತ್ತದೆ.

ಬಲದಿಂದ ಇನ್ನೊಂದು ಲಾಭವಿದೆ. ಗಟ್ಟಿಯಾಗಿ ಒತ್ತಿದ ಜಾಗಕ್ಕೆ ಗಾಳಿ ನುಗ್ಗಲಾರದು. ಗಾಳಿ ಇಲ್ಲದಿದ್ದರೆ ಆಕ್ಸೈಡಿನ ಪೊರೆ ಬೆಳೆಯದು. ಒಳ್ಳೆಯ ಸಂಪರ್ಕವೆಂದರೆ ಲೋಹಕ್ಕೆ ಲೋಹ ತಾಗಿರುವ, ಗಾಳಿಯಾಡದ ಚುಕ್ಕೆಗಳ ಸಮೂಹ.

ಸ್ಕ್ರೂ ಎಂಬ ಸ್ಪ್ರಿಂಗ್

ಸಾವಿರ ನ್ಯೂಟನ್ ಬಲ ತರುವುದು ಹೇಗೆ? ಒತ್ತುಗುಂಡಿ, ಸೂಚಕ ದೀಪಗಳಲ್ಲಿ ಹೆಚ್ಚಾಗಿ ಕಾಣುವುದು ‘ಎಂ 3.5’ ಸ್ಕ್ರೂ, ಅಂದರೆ ಮರೆಯ ಹೊರವ್ಯಾಸ 3.5 ಮಿಲಿಮೀಟರ್. ಅಂತಾರಾಷ್ಟ್ರೀಯ ಮಾನಕಗಳ ಪ್ರಕಾರ ಇದನ್ನು ಪರೀಕ್ಷಿಸುವ ಟಾರ್ಕ್ 0.8 ನ್ಯೂಟನ್ ಮೀಟರ್. ಸಾಮಾನ್ಯ ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ ಇದನ್ನು ಸುಲಭವಾಗಿ ಪಡೆಯಬಹುದು. ಟಾರ್ಕಿನ ಬಹುಪಾಲು ಘರ್ಷಣೆಯನ್ನು ಗೆಲ್ಲಲು ವ್ಯಯವಾಗುತ್ತದೆ. ಅದನ್ನೂ ಸೇರಿಸಿ ಇಂಜಿನಿಯರುಗಳು ಬಳಸುವ ಸರಳ ಸೂತ್ರ ಹೀಗಿದೆ: ಬಲ = ಟಾರ್ಕ್ ÷ (0.2 × ವ್ಯಾಸ). 0.8ನ್ನು 0.2 × 0.0035ರಿಂದ ಭಾಗಿಸಿದರೆ ಸುಮಾರು 1140 ನ್ಯೂಟನ್ ಬರುತ್ತದೆ. ಒಂದು ಕ್ವಿಂಟಲ್ ಅಕ್ಕಿ ಮೂಟೆಯ ತೂಕಕ್ಕಿಂತಲೂ ಹೆಚ್ಚಿನ ಬಲ ಆ ಪುಟ್ಟ ಸ್ಕ್ರೂವಿನ ಕೆಳಗಿದೆ!

ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗದಿರುವುದೇಕೆ? ಮರೆ ಎಂಬುದು ಉರುಳೆಗೆ ಸುತ್ತಿದ ಇಳಿಜಾರು. ಎಂ 3.5 ಸ್ಕ್ರೂವಿನಲ್ಲಿ ಮರೆಗಳ ಅಂತರ 0.6 ಮಿಲಿಮೀಟರ್, ಇಳಿಜಾರಿನ ಕೋನ ಸುಮಾರು 3.5 ಡಿಗ್ರಿ. ಲೋಹದ ಮೇಲೆ ಲೋಹ ಜಾರಲು ಇದಕ್ಕಿಂತ ಹೆಚ್ಚಿನ ಕೋನ ಬೇಕು. ಘರ್ಷಣಾಂಕ 0.15 ಎಂದಾದರೆ ಅದು ಸುಮಾರು 8.5 ಡಿಗ್ರಿ. ಆದ್ದರಿಂದ ಸ್ಕ್ರೂ ಇಟ್ಟಲ್ಲಿಯೇ ನಿಲ್ಲುತ್ತದೆ. ಜೋರಾದ ಕಂಪನವಿದ್ದರೆ ಮಾತ್ರ ಈ ಲೆಕ್ಕ ತಪ್ಪಬಹುದು. ಅಡ್ಡ ದಿಕ್ಕಿನ ಕಂಪನದಿಂದ ಸ್ಕ್ರೂಗಳು ಹೇಗೆ ಬಿಚ್ಚಿಕೊಳ್ಳುತ್ತವೆ ಎಂಬುದನ್ನು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗಗಳಿಂದ ತೋರಿಸಿದರು.

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. ಬಿಗಿದ ಸ್ಕ್ರೂವಿನಲ್ಲಿ ಬಲ ಎಲ್ಲಿ ಅಡಗಿರುತ್ತದೆ? ಸ್ಕ್ರೂ ಕೊಂಚ ಹಿಗ್ಗಿರುತ್ತದೆ. ಕುಗ್ಗಲು ಹವಣಿಸುತ್ತಾ ತಂತಿಯನ್ನು ಅದುಮುತ್ತಿರುತ್ತದೆ. ಅಂದರೆ ಸ್ಕ್ರೂ ಒಂದು ಬಹಳ ಬಿರುಸಾದ ಸ್ಪ್ರಿಂಗ್. ಅದರ ಅಡ್ಡಕೊಯ್ತ ಸುಮಾರು 6.8 ಚದರ ಮಿಲಿಮೀಟರ್. 1140 ನ್ಯೂಟನ್ ಬಲಕ್ಕೆ ಪೀಡನ ಚದರ ಮಿಲಿಮೀಟರಿಗೆ ಸುಮಾರು 168 ನ್ಯೂಟನ್. ಉಕ್ಕಿನ ಯಂಗ್ ಗುಣಾಂಕ ಇದೇ ಮಾನದಲ್ಲಿ 2,00,000. ಹಿಗ್ಗುವ ಭಾಗದ ಉದ್ದ 6 ಮಿಲಿಮೀಟರ್ ಎಂದಾದರೆ ಸ್ಕ್ರೂ ಹಿಗ್ಗಿದ್ದು 0.005 ಮಿಲಿಮೀಟರ್, ಅಂದರೆ ಕೇವಲ 5 ಮೈಕ್ರೋಮೀಟರ್. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಅಲ್ಲ!

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಕ್ವಿಂಟಲ್ ತೂಕದ ಹಿಡಿತ ನಿಂತಿರುವುದು ಐದು ಮೈಕ್ರೋಮೀಟರ್ ಹಿಗ್ಗುವಿಕೆಯ ಮೇಲೆ. ಕೆಳಗಿನ ತಂತಿ ಐದು ಮೈಕ್ರೋಮೀಟರ್ ತಗ್ಗಿದರೆ ಸಾಕು, ಸ್ಕ್ರೂ ತಿರುಗದೆಯೇ ಬಲವೆಲ್ಲ ಮಾಯವಾಗುತ್ತದೆ.

ಹಿಡಿತ ಜಾರುವ ಬಗೆ

ತಂತಿ ತಗ್ಗಲು ಹಲವು ಕಾರಣಗಳಿವೆ. ಬಹು ಎಳೆಗಳ ತಂತಿಯಲ್ಲಿ ಎಳೆಗಳು ದಿನ ಕಳೆದಂತೆ ಪಕ್ಕಕ್ಕೆ ಸರಿದು ಕೂರುತ್ತವೆ. ಬಿಸಿಯಾದಾಗ ತಾಮ್ರ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತಾಮ್ರದ್ದು ಹತ್ತು ಲಕ್ಷದಲ್ಲಿ 17 ಪಾಲು, ಉಕ್ಕಿನದು 12, ಅಲ್ಯೂಮಿನಿಯಂನದು 23. ಹೀಗೆ ಹಿಗ್ಗಿದ ತಂತಿ ಸ್ಕ್ರೂವಿನ ಅಡಿಯಲ್ಲಿ ಹಿಸುಕಿಕೊಂಡು ಶಾಶ್ವತವಾಗಿ ಚಪ್ಪಟೆಯಾಗುತ್ತದೆ. ತಣ್ಣಗಾದಾಗ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ.

ತಂತಿಯ ತುದಿಗೆ ಬೆಸುಗೆ ಹಾಕಿ ಎಳೆಗಳನ್ನು ಕೂಡಿಸಿ ಸ್ಕ್ರೂವಿನ ಕೆಳಗೆ ಇಡುವ ರೂಢಿ ಕೆಲವರಲ್ಲಿದೆ. ನೋಡಲು ಅಚ್ಚುಕಟ್ಟು, ಆದರೆ ಅಪಾಯಕರ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 456 ಕೆಲ್ವಿನ್‌ನಲ್ಲಿ ಕರಗುತ್ತದೆ. ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್. ಇದು ಕರಗುವ ಬಿಂದುವಿನ ಮೂರನೆಯ ಎರಡು ಭಾಗ. ಲೋಹ ತನ್ನ ಕರಗುವ ಬಿಂದುವಿಗೆ ಇಷ್ಟು ಸಮೀಪವಿದ್ದಾಗ ಸತತ ಒತ್ತಡಕ್ಕೆ ಮೆಲ್ಲಮೆಲ್ಲನೆ ಹರಿಯುತ್ತದೆ. ತಾಮ್ರದ ಕರಗುವ ಬಿಂದು 1358 ಕೆಲ್ವಿನ್; ಕೋಣೆಯ ಉಷ್ಣತೆ ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಹೀಗಾಗಿ ತಾಮ್ರ ನಿಲ್ಲುತ್ತದೆ, ಬೆಸುಗೆ ಜಾರುತ್ತದೆ. ಬೆಸುಗೆಯ ಬದಲು ತೆಳುವಾದ ತಾಮ್ರದ ತೋಳನ್ನು ತುದಿಗೆ ತೊಡಿಸಿ ಇಕ್ಕಳದಿಂದ ಒತ್ತುವುದು ಸರಿಯಾದ ವಿಧಾನ. ಇದನ್ನು ಫೆರೂಲ್ ಅಥವಾ ಪಿನ್ ಲಗ್ ಎನ್ನುತ್ತಾರೆ.

ಬಲ ಕುಗ್ಗಿದರೆ ಚುಕ್ಕೆಗಳ ನಡುವೆ ಗಾಳಿ ನುಗ್ಗುತ್ತದೆ, ಆಕ್ಸೈಡ್ ಬೆಳೆಯುತ್ತದೆ, ರೋಧ ಏರುತ್ತದೆ, ಶಾಖ ಹೆಚ್ಚುತ್ತದೆ. ಶಾಖದಿಂದ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಇದೊಂದು ವಿಷಚಕ್ರ. 5 ಆಂಪೇರ್ ಹರಿಯುವಾಗ ಸಂಪರ್ಕ ರೋಧ ಒಂದು ಮಿಲಿಓಮ್ ಇದ್ದರೆ ಹೊಮ್ಮುವ ಶಾಖ 0.025 ವಾಟ್, ಗಮನಕ್ಕೇ ಬಾರದು. ರೋಧ 0.4 ಓಮ್ ಆದರೆ 10 ವಾಟ್! ಬಟಾಣಿ ಕಾಳಿನಷ್ಟು ಜಾಗದಲ್ಲಿ ಇಷ್ಟು ಶಾಖವೆಂದರೆ ಪ್ಲಾಸ್ಟಿಕ್ ಕರಕಲಾಗುವುದರಲ್ಲಿ ಆಶ್ಚರ್ಯವಿಲ್ಲ. ಪ್ರವಾಹ ಹೆಚ್ಚೇನೂ ಆಗಿಲ್ಲವಾದ್ದರಿಂದ ಫ್ಯೂಸ್ ಇದನ್ನು ತಡೆಯುವುದೂ ಇಲ್ಲ ಎಂಬುದನ್ನು ಮರೆಯಬಾರದು.

ವಿನ್ಯಾಸದ ಜಾಣ್ಮೆ

ಹಾಗಾದರೆ ಪರಿಹಾರವೇನು? ‘ಇನ್ನೂ ಬಿಗಿಯಾಗಿ ತಿರುಗಿಸಿ’ ಎಂಬುದಲ್ಲ. ಅತಿಯಾಗಿ ಬಿಗಿದರೆ ಮರೆ ಕಿತ್ತುಬರುತ್ತದೆ, ಎಳೆಗಳು ತುಂಡಾಗುತ್ತವೆ. ಬೇಕಾದದ್ದು ಬಲದ ಜೊತೆಗೆ ಸ್ಥಿತಿಸ್ಥಾಪಕತೆ. ಸ್ಕ್ರೂವಿನ ತಲೆಗೂ ತಂತಿಗೂ ನಡುವೆ ತುಸು ಬಾಗುವ ಒಂದು ಒತ್ತುಪಟ್ಟಿಯನ್ನೋ ಸ್ಪ್ರಿಂಗ್ ವಾಷರನ್ನೋ ಇಟ್ಟು, ಅದು ಪೂರ್ಣ ಬಲದಲ್ಲಿ 50 ಮೈಕ್ರೋಮೀಟರ್ ಬಾಗುವಂತೆ ಮಾಡಿದೆವು ಎನ್ನಿ. ಒಟ್ಟು ಹಿಗ್ಗು-ಬಾಗು ಈಗ 55 ಮೈಕ್ರೋಮೀಟರ್. ತಂತಿ ಐದು ಮೈಕ್ರೋಮೀಟರ್ ತಗ್ಗಿದರೂ ಹೋಗುವ ಬಲ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಮೊದಲಿನ ರಚನೆಯಲ್ಲಿ ಎಲ್ಲವೂ ಹೋಗುತ್ತಿತ್ತು. ಷರತ್ತು ಒಂದೇ: ಪೂರ್ಣ ಬಿಗಿತದಲ್ಲೂ ವಾಷರ್ ಚಪ್ಪಟೆಯಾಗಿಬಿಡಬಾರದು.

ಒತ್ತುಪಟ್ಟಿಯಿಂದ ಇನ್ನೂ ಎರಡು ಉಪಯೋಗಗಳಿವೆ. ತಿರುಗುವ ಸ್ಕ್ರೂ ನೇರವಾಗಿ ಎಳೆಗಳ ಮೇಲೆ ಉಜ್ಜುವುದು ತಪ್ಪುತ್ತದೆ. ಅಂಚುಗಳು ಕೆಳಬಾಗಿರುವುದರಿಂದ ಎಳೆಗಳು ಹೊರಕ್ಕೆ ಹರಡುವುದಿಲ್ಲ. ಒಂದು ಗುಂಡಿಯಿಂದ ಮುಂದಿನ ಗುಂಡಿಗೆ ‘ಲೂಪ್’ ಎಳೆಯುವಾಗ ಒಂದೇ ಟರ್ಮಿನಲ್‌ನಲ್ಲಿ ಎರಡು ತಂತಿ ಇಡಬೇಕಾಗುತ್ತದೆ. ಸ್ಕ್ರೂವಿನ ಎಡಕ್ಕೊಂದು ಬಲಕ್ಕೊಂದು, ಒಂದೇ ದಪ್ಪದ ತಂತಿಗಳಿದ್ದರೆ ಪಟ್ಟಿ ಸಮತಟ್ಟಾಗಿ ಕೂರುತ್ತದೆ. ಒಂದು ದಪ್ಪ, ಇನ್ನೊಂದು ಸಣ್ಣ ಇದ್ದರೆ ಬಲವೆಲ್ಲ ದಪ್ಪ ತಂತಿಯ ಪಾಲಾಗುತ್ತದೆ.

ಫಲಕದಲ್ಲಿ ಈ ಗುಂಡಿಗಳನ್ನು ಕೂರಿಸುವ ರಂಧ್ರ ಸುಮಾರು 22 ಮಿಲಿಮೀಟರ್ ಮಾತ್ರ. ಅದರ ಹಿಂದಿನ ಇಕ್ಕಟ್ಟಿನಲ್ಲಿ ಕೆಲಸ ಮಾಡುವವರ ಕೈಯನ್ನೂ ವಿನ್ಯಾಸಕಾರ ನೆನೆಯಬೇಕು. ಸ್ಕ್ರೂ ಬಿಚ್ಚಿದಾಗ ಕಳಚಿ ಬೀಳಬಾರದು. ಅದು ಮೇಲೇರಿದಾಗ ಒತ್ತುಪಟ್ಟಿಯೂ ತಾನಾಗಿ ಏರಿ ತಂತಿಗೆ ದಾರಿ ಬಿಡಬೇಕು. ತಂತಿ ಒಳಹೋಗುವ ಬಾಯಿ ಆಲಿಕೆಯಂತಿರಬೇಕು. ಸ್ಕ್ರೂಡ್ರೈವರ್ ಓರೆಯಾಗದೆ ನೇರವಾಗಿ ತಲುಪಬೇಕು. ವಿದ್ಯುತ್ ಇರುವ ಲೋಹಕ್ಕೆ ಬೆರಳು ತಾಗಬಾರದು. ಅಕ್ಕಪಕ್ಕದ ಟರ್ಮಿನಲ್‌ಗಳ ನಡುವೆ ಪ್ಲಾಸ್ಟಿಕ್ಕಿನ ಗೋಡೆ ಇರಬೇಕು. ಒಂದು ಬಿಡಿ ಎಳೆಯಾಗಲಿ ತೇವದ ಧೂಳಾಗಲಿ ಆ ಗೋಡೆ ಹತ್ತಿ ಇಳಿದು ದಾಟುವುದು ಕಷ್ಟ.

ಟರ್ಮಿನಲ್ ಸಂಖ್ಯೆಗಳಿಗೂ ಅರ್ಥವಿದೆ. 3 ಮತ್ತು 4ರಿಂದ ಕೊನೆಗೊಳ್ಳುವ ಜೋಡಿ, ಉದಾಹರಣೆಗೆ 13-14, ಗುಂಡಿ ಒತ್ತಿದಾಗ ಕೂಡುವ ಸಂಪರ್ಕ. 1 ಮತ್ತು 2ರಿಂದ ಕೊನೆಗೊಳ್ಳುವ 11-12ರಂಥ ಜೋಡಿ ಒತ್ತಿದಾಗ ಬಿಡುವ ಸಂಪರ್ಕ. ಸೂಚಕ ದೀಪದ ಎರಡು ತುದಿಗಳಿಗೆ ಎಕ್ಸ್1, ಎಕ್ಸ್2 ಎಂದು ಗುರುತು.

ತಂತಿ ಕಳಚಿದರೆ ಏನಾಗಬೇಕು?

ಎಷ್ಟೇ ಒಳ್ಳೆಯ ಟರ್ಮಿನಲ್ ಆದರೂ ಒಂದಲ್ಲ ಒಂದು ದಿನ ತಂತಿ ಕಳಚಬಹುದು. ಆಗ ಯಂತ್ರ ನಿಲ್ಲಬೇಕೇ, ಓಡುತ್ತಲೇ ಇರಬೇಕೇ? ‘ನಿಲ್ಲಿಸು’ ಗುಂಡಿಗೆ 11-12ರ ಜೋಡಿಯನ್ನೇ ಬಳಸುವುದು ಇದೇ ಕಾರಣಕ್ಕೆ. ಯಂತ್ರ ಓಡುವಾಗ ಪ್ರವಾಹ ಸದಾ ಆ ಸಂಪರ್ಕದ ಮೂಲಕ ಹರಿಯುತ್ತಿರುತ್ತದೆ. ಗುಂಡಿ ಒತ್ತಿದರೂ ತಂತಿ ಕಳಚಿದರೂ ಪ್ರವಾಹ ಕಡಿದು ಯಂತ್ರ ನಿಲ್ಲುತ್ತದೆ. 13-14ನ್ನು ಬಳಸಿದ್ದರೆ ಕಳಚಿದ ತಂತಿಯ ವಿಷಯ ಯಾರಿಗೂ ತಿಳಿಯದು. ಕೈ ಸಿಕ್ಕಿಕೊಂಡ ಕೆಲಸಗಾರ ಗುಂಡಿ ಒತ್ತಿದಾಗಲಷ್ಟೇ ಅದು ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗುತ್ತದೆ.

ಸೂಚಕ ದೀಪದ ವಿಷಯದಲ್ಲಿ ಇಂಥ ಅನುಕೂಲ ಇಲ್ಲ. ದೀಪ ಆರಿದ್ದರೆ ಯಂತ್ರಕ್ಕೆ ವಿದ್ಯುತ್ ಇಲ್ಲವೆಂದೂ ಅರ್ಥವಾಗಬಹುದು, ಎಕ್ಸ್1ರ ಸ್ಕ್ರೂ ಹಿಡಿತ ಬಿಟ್ಟಿದೆ ಎಂದೂ ಆಗಬಹುದು. ಆದ್ದರಿಂದ ಆರಿದ ದೀಪವನ್ನು ನಂಬಿ ಯಾವ ಯಂತ್ರದೊಳಗೂ ಕೈ ಹಾಕಬಾರದು. ಮೇನ್ ಸ್ವಿಚ್ ತೆಗೆದು, ಪರೀಕ್ಷಿಸಿಯೇ ಮುಟ್ಟಬೇಕು. ದೊಡ್ಡ ಫಲಕಗಳಲ್ಲಿ ಎಲ್ಲ ದೀಪಗಳನ್ನೂ ಒಮ್ಮೆಗೇ ಬೆಳಗಿಸಿ ನೋಡುವ ಪರೀಕ್ಷಾ ಗುಂಡಿಯನ್ನು ಇಡುವುದೂ ಈ ಕಾರಣಕ್ಕಾಗಿಯೇ.

ಮಾಡಿ ನೋಡಿ

ಶಾಲೆಯ ಪ್ರಯೋಗಾಲಯದಲ್ಲಿಯೇ ಈ ವಿಷಯವನ್ನು ಪರೀಕ್ಷಿಸಬಹುದು. 6 ವೋಲ್ಟ್ ಬ್ಯಾಟರಿ, ರಿಯೋಸ್ಟಾಟ್, ಅಮ್ಮೀಟರ್ ಮತ್ತು ಒಂದು ಸ್ಕ್ರೂ ಟರ್ಮಿನಲ್ ಶ್ರೇಣಿಯಲ್ಲಿರಲಿ. ಪ್ರವಾಹವನ್ನು 1 ಆಂಪೇರಿಗೆ ಹೊಂದಿಸಿ. ಡಿಜಿಟಲ್ ಮಲ್ಟಿಮೀಟರನ್ನು 200 ಮಿಲಿವೋಲ್ಟ್ ವ್ಯಾಪ್ತಿಗೆ ಇಟ್ಟು, ಒಂದು ಕಡ್ಡಿಯನ್ನು ಟರ್ಮಿನಲ್‌ನ ಲೋಹಕ್ಕೂ ಇನ್ನೊಂದನ್ನು ಸ್ಕ್ರೂವಿನ ಪಕ್ಕದಲ್ಲೇ ತಂತಿಗೂ ತಾಗಿಸಿ. ಪ್ರವಾಹ 1 ಆಂಪೇರ್ ಆದ್ದರಿಂದ ಮೀಟರ್ ತೋರುವ ಮಿಲಿವೋಲ್ಟೇ ಸಂಪರ್ಕ ರೋಧದ ಮಿಲಿಓಮ್. ಸ್ಕ್ರೂವನ್ನು ಕಾಲು ಕಾಲು ಸುತ್ತು ಬಿಗಿಮಾಡುತ್ತಾ ಅಳತೆಗಳನ್ನು ಬರೆದು ನಕ್ಷೆ ಎಳೆಯಿರಿ. ಬಳಿಕ ಅದೇ ತಂತಿಯ ತುದಿಯನ್ನು ಜ್ವಾಲೆಯಲ್ಲಿ ಕಪ್ಪಾಗುವವರೆಗೆ ಕಾಯಿಸಿ, ಆರಿಸಿ, ಮತ್ತೆ ಅಳೆಯಿರಿ. ಸಡಿಲವಿದ್ದಾಗ ತಂತಿಯನ್ನು ಮೆಲ್ಲನೆ ಅಲುಗಾಡಿಸಿದರೆ ಅಂಕಿಗಳು ಹೇಗೆ ಕುಣಿಯುತ್ತವೆ ಎಂಬುದನ್ನೂ ಗಮನಿಸಿ. ಮನೆಯ 230 ವೋಲ್ಟ್ ಸರಬರಾಜಿನಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಬೇಡಿ.

ಹುಕ್‌ನ ನಿಯಮ, ಇಳಿಜಾರಿನ ಘರ್ಷಣೆ, ಉಷ್ಣ ವ್ಯಾಕೋಚನ, ಜೂಲ್ ಶಾಖ - ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿರುವ ಈ ಪಾಠಗಳೆಲ್ಲ ಒಂದು ಸ್ಕ್ರೂವಿನ ಕೆಳಗೆ ಒಟ್ಟಿಗೆ ಕೆಲಸ ಮಾಡುತ್ತಿವೆ. ವಿದ್ಯಾರ್ಥಿಗಳಿಗೆ ಇವನ್ನು ಕಲಿಸುವಾಗ ಅಧ್ಯಾಪಕರು ಒಂದು ಹಳೆಯ ಟರ್ಮಿನಲನ್ನು ಬಿಚ್ಚಿ ಅವರ ಕೈಗೆ ಕೊಡಲಿ. ಚಪ್ಪಟೆಯಾದ ಎಳೆಗಳೂ ಕಪ್ಪಾದ ಪಟ್ಟಿಯೂ ಉಳಿದ ಪಾಠವನ್ನು ಹೇಳುತ್ತವೆ.