‘ಚೆನ್ನಾಗಿದೆ’ ಎಂದರೆ ಸಾಲದು

ಮಕ್ಕಳು ತೆಗೆದ ಹಕ್ಕಿಯ ಚಿತ್ರ ನೋಡಿದಾಗ ಮನೆಯಲ್ಲಿ ಸಾಮಾನ್ಯವಾಗಿ ಎರಡೇ ಮಾತು ಕೇಳಿಬರುತ್ತವೆ. ಒಂದು, ‘ಭಾರೀ ಚೆನ್ನಾಗಿದೆ.’ ಇನ್ನೊಂದು, ‘ಓದುವುದು ಬಿಟ್ಟು ಇದೆಂಥದು?’ ಮೊದಲನೆಯ ಮಾತಿನಿಂದ ಕಲಿಯಲು ಏನೂ ಸಿಗುವುದಿಲ್ಲ. ಎರಡನೆಯದರಿಂದ ಇದ್ದ ಉತ್ಸಾಹವೂ ಬಾಡುತ್ತದೆ. ಮೂರನೆಯದೊಂದು ಮಾತಿದೆ: ಕಾರಣ ತಿಳಿಸಿ ತಿದ್ದುವ ಮಾತು. ಚಿತ್ರ ಸುಧಾರಿಸುವುದು ಅದರಿಂದ.

ಮಂಗಳೂರಿನ ಮಕ್ಕಳು ಹಕ್ಕಿಗಳಿಗಾಗಿ ದೂರದ ಅಭಯಾರಣ್ಯಕ್ಕೆ ಹೋಗಬೇಕಾಗಿಲ್ಲ. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಸುತ್ತ ಬೆಳ್ಳಕ್ಕಿ, ಗರುಡ, ಮಿಂಚುಳ್ಳಿಗಳು ಕಾಣಸಿಗುತ್ತವೆ. ಹಿತ್ತಿಲಿನ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಕಡು ಹಸಿರು ಕಾಂಡ್ಲಾ ಗಿಡಗಳ ಮುಂದೆ ಬೆಳ್ಳಕ್ಕಿ ನಿಂತಿದೆ. ಚಿತ್ರದಲ್ಲಿ ಅದು ಸುಣ್ಣ ಬಳಿದಂತೆ ಬರಿ ಬಿಳಿ. ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ. ‘ಸರಿ ಬಂದಿಲ್ಲ’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಕ್ಯಾಮೆರಾ ಎದುರಿನ ದೃಶ್ಯದ ಬೆಳಕನ್ನು ಸರಾಸರಿ ಮಾಡಿ ನಡುಬೂದು ಮಟ್ಟಕ್ಕೆ ತರಲು ನೋಡುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಬೆಳಕನ್ನು ಹೆಚ್ಚಿಸುತ್ತದೆ. ಆಗ ಬಿಳಿ ಗರಿಗಳ ವಿವರ ಅಳಿಸಿಹೋಗುತ್ತದೆ. ‘ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ ನೋಡು’ ಎನ್ನುವುದು ಉಪಯೋಗಕ್ಕೆ ಬರುವ ಸಲಹೆ. ಬೆಳ್ಳಗಿನ ಆಕಾಶದಲ್ಲಿ ಹಾರುವ ಗರುಡ ಕರಿ ನೆರಳಿನಂತೆ ಬಂದಿದ್ದರೆ ಸಲಹೆ ತಿರುವುಮುರುವು: ಒಂದು ಸ್ಟಾಪ್ ಏರಿಸಬೇಕು. ಹೆಚ್ಚಿನ ಮೊಬೈಲುಗಳಲ್ಲೂ ಪರದೆಯನ್ನು ಮುಟ್ಟಿ ಹೀಗೆ ಏರಿಸಿ ಇಳಿಸಬಹುದು.

ಇನ್ನೊಂದು ಪ್ರಶ್ನೆ: ಚಿತ್ರ ನೋಡಿ ಹಕ್ಕಿಯನ್ನು ಗುರುತಿಸಬಹುದೇ? ಸಣ್ಣ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ದನಗಳ ಹಿಂದೆ ತಿರುಗುವ ಗೋವಕ್ಕಿಗೆ ಹಳದಿ ಕೊಕ್ಕು. ಪಾದ ಕೆಸರಿನಲ್ಲಿ ಮುಚ್ಚಿಹೋಗಿದ್ದರೆ, ‘ಅದು ಕಾಲೆತ್ತುವವರೆಗೆ ಕಾದಿದ್ದರೆ ಚೆನ್ನಾಗಿತ್ತು’ ಎನ್ನಿ. ಮುಂದಿನ ಸಲ ಮಗು ಕಾಯುತ್ತದೆ. ಕಾಯುತ್ತಾ ಹಕ್ಕಿಯ ನಡತೆಯನ್ನೂ ಕಲಿಯುತ್ತದೆ.

ಹಿರಿಯರ ಕಣ್ಣು

ಬೆಂಗಳೂರಿನ ಪ್ರಸಿದ್ಧ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರು ಒ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದವರು. ಮುಂದೆ ಅನೇಕ ಕಿರಿಯರಿಗೆ ತಾವೇ ಗುರುವಾದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಚಿತ್ರ ತೆಗೆದರು, ಕನ್ನಡದಲ್ಲಿ ಅವುಗಳ ಬಗ್ಗೆ ಬರೆದರು. ಆಗಿನ ಫಿಲಂ ರೋಲಿನಲ್ಲಿ ಹೆಚ್ಚೆಂದರೆ 36 ಚಿತ್ರ. ತೊಳೆದು ಬರುವವರೆಗೆ ತಪ್ಪು ತಿಳಿಯುತ್ತಿರಲಿಲ್ಲ. ಈಗ ತಪ್ಪು ಆ ಕ್ಷಣವೇ ಕಾಣುತ್ತದೆ. ಆದರೆ ಮುನ್ನೂರು ಚಿತ್ರ ತೆಗೆದು ಒಂದನ್ನೂ ನಿಧಾನವಾಗಿ ನೋಡದಿದ್ದರೆ ಈ ಸೌಕರ್ಯದಿಂದ ಲಾಭವೇನು?

ಮಾತಿನಲ್ಲಿ ಎಚ್ಚರ

ವಿಮರ್ಶೆ ಮಾಡುವವರಿಗೂ ಜವಾಬ್ದಾರಿಯಿದೆ. ‘ಎಲೆ ಅಡ್ಡ ಬಂದಿದೆ’ ಎಂದು ಸುಮ್ಮನೆ ಹೇಳಿದರೆ, ಮುಂದಿನ ಸಲ ಮಗು ಆ ಎಲೆಯನ್ನೇ ಕಿತ್ತೀತು. ಅಲ್ಲಿ ಗೂಡಿದ್ದರೆ? ಎಲೆಯ ಮರೆ ಹೋದ ಗೂಡಿನ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ. ಹತ್ತಿರ ಜನ ನಿಂತಿದ್ದರೆ ತಾಯಿಹಕ್ಕಿ ಗುಟುಕು ತರಲು ಹೆದರುತ್ತದೆ. ಆದ್ದರಿಂದ ‘ಎಲೆ ಹಾಗೇ ಇರಲಿ, ನೀನು ಎರಡು ಹೆಜ್ಜೆ ಬದಿಗೆ ಸರಿ’ ಎನ್ನಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆದಕುವುದನ್ನೂ ‘ಬೇಟೆ’ಯ ಅರ್ಥದೊಳಗೇ ಸೇರಿಸಿದೆ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಹಲವು ಇವೆ. ಅಂಥ ಚಿತ್ರ ಎಷ್ಟೇ ಚೆಂದವಿದ್ದರೂ ಹೊಗಳುವ ಮೊದಲು, ‘ಇದನ್ನು ಎಷ್ಟು ದೂರದಿಂದ ತೆಗೆದೆ?’ ಎಂದು ಕೇಳಿ.

ಹೆತ್ತವರಿಗೆ ಛಾಯಾಗ್ರಹಣ ಗೊತ್ತಿರಲೇಬೇಕೆಂದಿಲ್ಲ. ವಾರಕ್ಕೊಮ್ಮೆ ಮಗುವಿನ ಜತೆ ಕುಳಿತು ಐದು ಚಿತ್ರಗಳನ್ನು ಮಾತ್ರ ನೋಡಿ. ಮೊದಲು ನಿಮಗೆ ಕಂಡದ್ದನ್ನು ಹೇಳಿ: ‘ಕಣ್ಣು ಸ್ಪಷ್ಟವಾಗಿದೆ, ಬಾಲ ತುಂಡಾಗಿದೆ.’ ಬಳಿಕ ಕಾರಣವನ್ನು ಮಗುವಿನಿಂದಲೇ ಕೇಳಿ. ಕೊನೆಗೆ ಮುಂದಿನ ಸಲ ಬದಲಿಸಬೇಕಾದ ಒಂದೇ ಒಂದು ಸಂಗತಿಯನ್ನು ಇಬ್ಬರೂ ಸೇರಿ ನಿರ್ಧರಿಸಿ. ಹತ್ತು ತಪ್ಪು ಒಟ್ಟಿಗೆ ಎಣಿಸಿದರೆ ಮಗು ಕ್ಯಾಮೆರಾ ಕೆಳಗಿಡುತ್ತದೆ.

ವಿದ್ಯಾರ್ಥಿಗಳೇ, ಗೆಳೆಯನ ಚಿತ್ರದ ಬಗ್ಗೆ ಮಾತಾಡುವಾಗಲೂ ಇದೇ ಕ್ರಮ ಇರಲಿ. ತಿದ್ದಬೇಕಾದದ್ದು ಚಿತ್ರವನ್ನು, ಗೆಳೆಯನನ್ನಲ್ಲ. ಅವನು ಹೇಳಿದ್ದನ್ನು ನೀವೂ ಅಷ್ಟೇ ಸಮಾಧಾನದಿಂದ ಕೇಳಿಸಿಕೊಳ್ಳಿ.