ಮನೆಯ ಗಣಕಯಂತ್ರಗಳ ಪ್ರತಿರಕ್ಷಣೆ

ಲಕ್ಷ್ಮೇಶ್ವರವೆಂದರೆ ಪ್ರಾಚೀನ ಪುಲಿಗೆರೆ. ಅಲ್ಲಿಯ ಒಂದು ಶಿಲೆಯ ಮೇಲೆ ಕ್ರಿ. ಶ. 968ರ ಗಂಗ ಮಾರಸಿಂಹನ ದಾನಶಾಸನದೊಡನೆ, ಬಾದಾಮಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ 8ನೆಯ ಶತಮಾನದ ದಾನಶಾಸನವೂ ಉತ್ತರಕಾಲೀನ ಲಿಪಿಯಲ್ಲಿ ಕೆತ್ತಲ್ಪಟ್ಟಿದೆ. ಎಂದರೆ ಈ ಎರಡನೆಯದು ಮೂಲವಲ್ಲ, ಪ್ರತಿ. ಪ್ರತಿ ಮಾಡಿದುದರಿಂದ ಪಾಠವು ಉಳಿಯಿತು. ಮೂಲದೊಡನೆ ಹೋಲಿಸಲು ಸಾಧನವಿಲ್ಲದುದರಿಂದ ಅದರ ಪ್ರಾಮಾಣ್ಯದ ಬಗೆಗೆ ವಿದ್ವಾಂಸರಲ್ಲಿ ಸಂಶಯವೂ ಉಳಿಯಿತು.

ಇಂದು ಶಾಸನಗಳ ಛಾಯಾಚಿತ್ರಗಳನ್ನೂ ಮನೆತನದ ಕಾಗದಪತ್ರಗಳನ್ನೂ ನಾವು ಗಣಕಯಂತ್ರಗಳಲ್ಲಿ ಇರಿಸುತ್ತೇವೆ. ಡಿಸ್ಕ್ ಒಂದು ಕೆಟ್ಟರೆ ಸರ್ವವೂ ನಷ್ಟ. ಆದುದರಿಂದ ಹಳೆಯ ಯಂತ್ರವೊಂದನ್ನು ಮನೆಯ ಸರ್ವರ್ ಆಗಿ ನಿಯಮಿಸಿ, ಉಳಿದ ಯಂತ್ರಗಳ ಕಡತಗಳು ಪ್ರತಿರಾತ್ರಿ ತಾವಾಗಿಯೇ ಅದಕ್ಕೆ ಸೇರುವಂತೆ ಮಾಡುವುದು ಉಚಿತ. 1996ರಲ್ಲಿ ಹೊರಬಂದ ಆರ್‌ಸಿಂಕ್ ಎಂಬ ತಂತ್ರಾಂಶವು ಬದಲಾದ ಭಾಗಗಳನ್ನಷ್ಟೇ ಸಾಗಿಸುವುದರಿಂದ ಕಾಲವೂ ಉಳಿಯುತ್ತದೆ.

ಆದರೆ ಕೇವಲ ಪ್ರತಿಬಿಂಬವು ರಕ್ಷಣೆಯಲ್ಲ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ಆದಕಾರಣ ದಿನಾಂಕಸಹಿತವಾದ ಹಿಂದಿನ ಆವೃತ್ತಿಗಳನ್ನೂ ಉಳಿಸಿಕೊಳ್ಳಬೇಕು. ಸಿಡಿಲು, ಬೆಂಕಿ, ಕಳವುಗಳಿಂದ ಮನೆಯೊಳಗಣ ಎಲ್ಲ ಪ್ರತಿಗಳೂ ಒಮ್ಮೆಲೇ ನಾಶವಾಗಬಹುದು. ಗದಗದ ಮನೆಯ ಒಂದು ಡಿಸ್ಕ್ ಮುಂಡರಗಿಯಲ್ಲಿಯೋ ಶಿರಹಟ್ಟಿಯಲ್ಲಿಯೋ ಆಪ್ತರ ಬಳಿ ಇರುವುದು ಲೇಸು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆಡೆಯಲ್ಲಿ ಎಂಬುದು ಇದರ ರೂಢ ಸೂತ್ರ.

ಕೊನೆಯದಾಗಿ, ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಸಂಕೇತಾಂಕವನ್ನು ಗಣಿಸಿಡಬಹುದು. ಕಡತದಲ್ಲಿ ಒಂದಕ್ಷರ ಬದಲಾದರೂ ಅಂಕವು ಬೇರೆಯಾಗುತ್ತದೆ. ಪುಲಿಗೆರೆಯ ಲಿಪಿಕಾರನಿಗೆ ಇಲ್ಲದಿದ್ದ ಸಾಕ್ಷಿಯಿದು. ಆಗಾಗ ಕಡತವೊಂದನ್ನು ಮರಳಿ ಪಡೆದು, ತೆರೆದು ನೋಡಿದಲ್ಲದೆ ಪ್ರತಿಯು ಇದೆಯೆಂದು ನಾವು ನಂಬಲಾಗದು.